ವಾಸ್ಕೊ ಮನೆಯ ಪಡುಗೋಡೆಗೆ ಕ್ಲ್ಯಾಡಿಂಗ್: ಹಲಗೆ ಆರಿಸಿದ್ದರಿಂದ ಪೈಪಿನ ನೀರು ಹೊಡೆದು ನೋಡಿದವರೆಗೆ

ಕೆಲಸದ ಜಾಗ ದಕ್ಷಿಣ ಗೋವಾದ ವಾಸ್ಕೊ ಹತ್ತಿರದ ಗುಡ್ಡದ ಮೇಲಿನ ಮನೆ. ನೆಲಮಹಡಿ, ಅದರ ಮೇಲೊಂದು ಮಹಡಿ, ಚಿರೆಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲು) ಗೋಡೆ, ಸಿಮೆಂಟ್ ಗಿಲಾವು, ಮಾಡಿಗೆ ಮಂಗಳೂರು ಹಂಚು. ಮನೆಯವರು ಗದಗ ಕಡೆಯವರು. ಕೆಲಸಕ್ಕೆ ಬಂದ ಗೌಂಡಿಗಳು ಬಾಗಲಕೋಟೆಯವರು, ಅಲ್ಯೂಮಿನಿಯಂ ಕೆಲಸದವರು ಮಡಗಾಂವಿನವರು.

ತೊಂದರೆ ಪಡುವಣ ಗೋಡೆಯದು. ಗೋವಾದಲ್ಲಿ ವರ್ಷಕ್ಕೆ ಸುಮಾರು 3,000 ಮಿಮೀ ಮಳೆ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬೀಳುತ್ತದೆ. ಗಾಳಿ ಸಮುದ್ರದಿಂದ ಬರುವುದರಿಂದ ಮಳೆ ಅಡ್ಡಡ್ಡ ಬಡಿಯುತ್ತದೆ. ಗಿಲಾವು ಕೆತ್ತಿ ಹೊಸದಾಗಿ ಮಾಡಿಸಿ, ವಾಟರ್‌ಪ್ರೂಫ್ ಬಣ್ಣ ಹೊಡೆಸಿದರೂ ಜುಲೈ ಹೊತ್ತಿಗೆ ಒಳಗೋಡೆ ಉಪ್ಪು ಕಾರುತ್ತಿತ್ತು. ಹಿಂದಿನವರು ಮೇ ತಿಂಗಳಲ್ಲಿ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದರು. ಈಗ ಎಲ್ಲ ಕಡೆ ನೀಲಿ ತಾಡಪತ್ರಿ, ಇಲ್ಲವೇ ತಗಡು. ತಟ್ಟಿಯಲ್ಲಿ ಒಂದು ಜಾಣತನವಿತ್ತು. ಅದು ಗೋಡೆಗೆ ಅಂಟಿ ನಿಲ್ಲುತ್ತಿರಲಿಲ್ಲ, ನಡುವೆ ಗಾಳಿ ಆಡುತ್ತಿತ್ತು. ಈ ಕೆಲಸದ ಉದ್ದಕ್ಕೂ ಮಾಡಿದ್ದು ಅದನ್ನೇ, ಕಾಯಂ ಸಾಮಾನಿನಲ್ಲಿ: ಗೋಡೆಯಿಂದ ಸ್ವಲ್ಪ ದೂರ ನಿಲ್ಲುವ ಹಲಗೆಯ ಹೊದಿಕೆ, ಅಂದರೆ ಕ್ಲ್ಯಾಡಿಂಗ್.

ಹಂತ 1: ಗೋಡೆಯ ಅಳತೆ, ಅಕ್ಟೋಬರ್ ಕೊನೆ

ಗೋಡೆ 26 ಅಡಿ ಅಗಲ. ಎತ್ತರ ನೆಲದಿಂದ ಮಾಡಿನ ಅಂಚಿನವರೆಗೆ 19 ಅಡಿ. 4×4 ಅಡಿಯ ಕಿಟಕಿ ಕೆಳಗೆ ಒಂದು, ಮೇಲೆ ಎರಡು. ಮಾಡಿನ ಚಾಚು ಎರಡು ಅಡಿ.

ಮೇಲಿನಿಂದ ಮೂರು ಕಡೆ ತೂಗುಗುಂಡು ಇಳಿಬಿಟ್ಟು ನೋಡಿದಾಗ ಗೋಡೆ ನಡುವೆ 22 ಮಿಮೀ ಹೊರಗೆ ಉಬ್ಬಿತ್ತು. ಈ ಸಂಖ್ಯೆ ಸಿಗುವವರೆಗೆ ಯಾವ ಸಾಮಾನನ್ನೂ ಆರ್ಡರ್ ಮಾಡಬಾರದು. ಹಲಗೆಯ ಚೌಕಟ್ಟನ್ನು ಗೋಡೆಗೆ ಹಿಡಿಯುವ ಬ್ರಾಕೆಟ್‌ನ ಉದ್ದ ನಿರ್ಧಾರವಾಗುವುದು ಇದರಿಂದಲೇ. ಗೋಡೆಗೆ ನೇರವಾಗಿ ಸೆಕ್ಷನ್ (ಹಲಗೆ ಕೂರಿಸುವ ಅಲ್ಯೂಮಿನಿಯಂ ಕೊಳವೆ) ಹೊಡೆದರೆ ಗೋಡೆಯ ಉಬ್ಬು-ತಗ್ಗೆಲ್ಲ ಹಲಗೆಯ ಮೇಲೂ ಕಾಣುತ್ತದೆ, ಸಂಜೆಯ ಓರೆ ಬಿಸಿಲಿನಲ್ಲಂತೂ ದೂರದಿಂದಲೇ.

ತೇವ ಎಷ್ಟಿದೆ ಎಂದು ತಿಳಿಯಲು 2×2 ಅಡಿಯ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿ ಟೇಪ್ ಅಂಟಿಸಿ 24 ಗಂಟೆ ಬಿಡಬೇಕು. ಒಳಮೈಯಲ್ಲಿ ಹನಿ ಕೂತರೆ ಗೋಡೆ ಇನ್ನೂ ನೀರು ಬಿಡುತ್ತಿದೆ ಎಂದರ್ಥ. ಅಕ್ಟೋಬರ್‌ನಲ್ಲಿ ಹನಿ ದಟ್ಟವಾಗಿತ್ತು, ಡಿಸೆಂಬರ್ ನಡುವಿನಲ್ಲಿ ಹಾಳೆ ಒಣಗಿತ್ತು. ಚಿರೆಕಲ್ಲು ನೀರನ್ನು ಕುಡಿದು ನಿಧಾನವಾಗಿ ಬಿಡುವ ಕಲ್ಲು. ದೀಪಾವಳಿಗೆ ಮುಗಿಸಿಕೊಡಿ ಎಂದು ಮನೆಯವರು ಅವಸರ ಮಾಡಿದರೂ ಒಪ್ಪಬೇಡಿ.

ಹಂತ 2: ಯಾವ ಸಾಮಾನು, ನವೆಂಬರ್

ಅಂಗಡಿಯಲ್ಲಿ ಬಣ್ಣದ ಕಾರ್ಡ್ ನೋಡಿ ಆರಿಸುವ ಬದಲು ಪ್ರತಿ ಸಾಮಾನಿಗೂ ಮೂರು ಪ್ರಶ್ನೆ ಹಾಕಿಕೊಂಡೆವು. ಒಳಗೆ ಹೊಕ್ಕ ನೀರು ಹೊರಗೆ ಹೇಗೆ ಬರುತ್ತದೆ? ಉಪ್ಪುಗಾಳಿಗೆ ಮೊದಲು ಕೊಳೆಯುವ ಭಾಗ ಯಾವುದು? ಹತ್ತು ವರ್ಷದ ಮೇಲೆ ಒಂದು ತುಂಡು ಒಡೆದರೆ ಅದೊಂದನ್ನೇ ಬದಲಿಸಲು ಬರುತ್ತದೆಯೇ?

ಮತ್ತೆ ಗಿಲಾವು ಮತ್ತು ಬಣ್ಣ. ಚದರಡಿಗೆ 110–120 ರೂಪಾಯಿ, ಎಲ್ಲಕ್ಕಿಂತ ಅಗ್ಗ. ಗೋಡೆ ಸ್ಥಿರವಾಗಿದ್ದರೆ, ಬಿರುಕು ಓಡದಿದ್ದರೆ ಇದೇ ಸಾಕು. ಪೂರ್ವದ ಗೋಡೆಗೆ ನಾವೂ ಇದನ್ನೇ ಹೇಳಿದೆವು. ಪಡುಗೋಡೆಯಲ್ಲಿ ಕಾಂಕ್ರೀಟ್ ಲಿಂಟೆಲ್ (ಕಿಟಕಿಯ ಮೇಲಿನ ತೊಲೆ) ಮತ್ತು ಕಲ್ಲು ಸೇರುವ ಗೆರೆ ಪ್ರತಿ ಬೇಸಿಗೆಯಲ್ಲೂ ಬಾಯಿ ಬಿಡುತ್ತಿತ್ತು. ಬಣ್ಣ ಎಷ್ಟೇ ದುಬಾರಿಯದಾದರೂ ಕೂದಲೆಳೆಯ ಬಿರುಕು ಬಿಟ್ಟಲ್ಲಿ ನೀರು ಹೊಕ್ಕೇ ಹೊಗುತ್ತದೆ. ಹೊಕ್ಕ ನೀರು ಅದೇ ದಪ್ಪ ಬಣ್ಣದ ಹಿಂದೆ ಸಿಕ್ಕಿಬಿದ್ದು ಒಳಗಿನ ಕೋಣೆಯ ಕಡೆ ಹೊರಳುತ್ತದೆ.

ಅಂಟಿಸುವ ಕಲ್ಲು. ಇಪ್ಪತ್ತು ಮಿಮೀ ಕಲ್ಲನ್ನು ಹಳೆಯ ಬಣ್ಣದ ಮೇಲೆಯೇ ಅಂಟಿಸುವವರಿದ್ದಾರೆ. ಅಂಟು ಹಿಡಿದಿರುವುದು ಬಣ್ಣವನ್ನು, ಗೋಡೆಯನ್ನಲ್ಲ. ಹತ್ತೊಂಬತ್ತು ಅಡಿ ಎತ್ತರದಿಂದ ಕಲ್ಲು ಬಿದ್ದರೆ ಕೆಳಗಿರುವವರ ಗತಿ ಹೇಳಬೇಕಿಲ್ಲ. ಕೈಬಿಟ್ಟೆವು.

ಎಸಿಪಿ ಶೀಟ್ (ಎರಡು ತೆಳು ಅಲ್ಯೂಮಿನಿಯಂ ತಗಡಿನ ನಡುವೆ ತಿರುಳು ಇಟ್ಟದ್ದು). ನೋಡಲು ನುಣುಪು, ಕೆಲಸ ಬೇಗ. ಆದರೆ ಇಡೀ ಗೋಡೆ ಸಂದಿನ ಸಿಲಿಕೋನ್ ಮೇಲೆ ನಿಂತಿರುತ್ತದೆ. ಸಿಲಿಕೋನ್ ಬಿಟ್ಟುಕೊಂಡ ದಿನ ನೀರು ಒಳಗೆ, ಗಾಳಿ ಮಾತ್ರ ಇಲ್ಲ. ಒಳತಿರುಳು ಪಾಲಿಥಿನ್ ಆಗಿದ್ದರೆ ಬೆಂಕಿಯ ಭಯ ಬೇರೆ. 2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಟವರ್‌ನಲ್ಲಿ 72 ಜನ ಸತ್ತದ್ದು ಇಂಥದೇ ಹೊದಿಕೆಗೆ ಬೆಂಕಿ ಹತ್ತಿ ಮೇಲೇರಿದಾಗ. ಮುಂಬೈ, ಪುಣೆಯ ಎತ್ತರದ ಕಟ್ಟಡಗಳಲ್ಲಿ ಸೊಸೈಟಿಯವರು ಎಸಿಪಿ ಹಾಕಿಸುವಾಗ ತಿರುಳು ಯಾವುದೆಂದು ಟೆಸ್ಟ್ ಸರ್ಟಿಫಿಕೇಟ್ ಕೇಳಿ ನೋಡಬೇಕು; ಶೀಟಿನ ಹಿಂದೆ ಅಚ್ಚಾದ ‘ಎಫ್‌ಆರ್’ (ಬೆಂಕಿ ತಡೆಯುವಂಥದ್ದು) ಎಂಬ ಎರಡಕ್ಷರ ನಂಬಿ ಕೂಡಬಾರದು.

ಎಚ್‌ಪಿಎಲ್ (ಭಾರೀ ಒತ್ತಡದಲ್ಲಿ ಒತ್ತಿದ ಲ್ಯಾಮಿನೇಟ್ ಹಲಗೆ) 6 ಮಿಮೀ. ಒಳ್ಳೆಯ ಸಾಮಾನು, ಹೊರಗಿನ ಗ್ರೇಡ್ ಆಗಿದ್ದರೆ. ಒಳಾಂಗಣದ ಲ್ಯಾಮಿನೇಟನ್ನು ಹೊರಗೆ ಹಾಕಿದರೆ ಒಂದೆರಡು ಮಳೆಗಾಲದಲ್ಲಿ ಪದರ ಬಿಡುತ್ತದೆ. ಹಾಕಿಸುವ ಖರ್ಚು ಸೇರಿ ಚದರಡಿಗೆ 600 ರೂಪಾಯಿ ಹೇಳಿದರು. ಬಜೆಟ್ ಮೀರಿತು.

ಡಬ್ಲ್ಯುಪಿಸಿ (ಮರದ ಪುಡಿ, ಪ್ಲಾಸ್ಟಿಕ್ ಬೆರೆಸಿದ್ದು) ಮತ್ತು ಪಿವಿಸಿ ಪಟ್ಟಿ. ಮಾದರಿ ಹಚ್ಚಿ ನೋಡಿದೆವು, ಫಲಿತಾಂಶ ಮುಂದಿದೆ. ಸಾಗುವಾನಿ ಮರದ ಮಾತು ಮನೆಯವರೇ ಎತ್ತಿ, ಗೆದ್ದಲು ಮತ್ತು ಪ್ರತಿ ವರ್ಷ ಎಣ್ಣೆ ಹಚ್ಚುವ ಲೆಕ್ಕ ಕೇಳಿ ಅವರೇ ಬಿಟ್ಟರು. ಬಣ್ಣದ ತಗಡು ಚದರಡಿಗೆ 160ರ ಸುಮಾರು, ಗೋದಾಮಿಗೆ ಒಪ್ಪುತ್ತದೆ. ಉಪ್ಪುಗಾಳಿಯಲ್ಲಿ ಕತ್ತರಿಸಿದ ಅಂಚಿನಿಂದ ತುಕ್ಕು ಶುರುವಾಗುತ್ತದೆ, ಮಳೆಯ ಸದ್ದಿಗೆ ಆ ಬದಿಯ ಕೋಣೆಯಲ್ಲಿ ಮಲಗುವುದು ಕಷ್ಟ.

ಉಳಿದದ್ದು ಫೈಬರ್ ಸಿಮೆಂಟ್ (ಸಿಮೆಂಟಿಗೆ ನಾರು ಬೆರೆಸಿದ) ಹಲಗೆ: ಉದ್ದ 3,000 ಮಿಮೀ, ಅಗಲ 200, ದಪ್ಪ 8. ಒಂದರ ತೂಕ ಏಳು ಕೆಜಿಯೊಳಗೆ, ಒಬ್ಬ ಎತ್ತಬಹುದು. ಸುಡುವುದಿಲ್ಲ, ಗೆದ್ದಲು ತಿನ್ನುವುದಿಲ್ಲ, ಒಡೆದದ್ದನ್ನು ಒಂದೊಂದಾಗಿ ಬದಲಿಸಬಹುದು. ಕೊಳ್ಳುವಾಗ ಎರಡು ಸಂಗತಿ ಕಾಗದದಲ್ಲಿ ಬರೆಸಿಕೊಳ್ಳಬೇಕು. ಭಾರತೀಯ ಮಾನಕ ಐಎಸ್ 14862ರ ಪ್ರಕಾರ ಎ ಬಗೆಯ ಶೀಟ್ ಹೊರಗಿನ ಬಿಸಿಲು-ಮಳೆಗೆ, ಬಿ ಬಗೆಯದು ಒಳಗಿನ ಕೆಲಸಕ್ಕೆ. ಅಂಗಡಿಯಲ್ಲಿ ಎರಡೂ ಒಂದೇ ರಾಶಿಯಲ್ಲಿ ಇರುತ್ತವೆ. ಇನ್ನೊಂದು, ಆಸ್ಬೆಸ್ಟಸ್ ಇಲ್ಲ ಎಂಬ ಖಾತ್ರಿ. ನಮ್ಮಲ್ಲಿ ಆಸ್ಬೆಸ್ಟಸ್ ಸಿಮೆಂಟ್ ಶೀಟ್ ಮಾರಾಟಕ್ಕೆ ಈಗಲೂ ನಿಷೇಧವಿಲ್ಲ.

ಪುಣೆಗೆ ಇದೇ ಉತ್ತರ ಬೇಕಾಗಿಲ್ಲ. ಪುಣೆ ಶಹರದ ಮಳೆ ಗೋವಾದ ಕಾಲುಭಾಗದ ಆಸುಪಾಸು, ಅಲ್ಲಿ ಗೋಡೆಯ ಶತ್ರು ಮಧ್ಯಾಹ್ನದ ಬಿಸಿಲು. ಒಳ್ಳೆಯ ಗಿಲಾವು, ತಿಳಿ ಬಣ್ಣ, ಕಿಟಕಿಗೆ ಅಗಲವಾದ ಛಜ್ಜಾ ಇದ್ದರೆ ಬಹಳ ಮನೆಗಳಿಗೆ ಕ್ಲ್ಯಾಡಿಂಗ್ ಬರೀ ಅಲಂಕಾರ.

ಹಂತ 3: ಮಾದರಿ ತುಂಡುಗಳು ಹೇಳಿದ್ದು

ಕಂಪೌಂಡ್ ಗೋಡೆಯ ಪಡುಮುಖಕ್ಕೆ ಹಿಂದಿನ ಮಳೆಗಾಲಕ್ಕೂ ಮೊದಲೇ 4×4 ಅಡಿಯ ಮಾದರಿಗಳನ್ನು ಹಚ್ಚಿಡಲಾಗಿತ್ತು. ಮಳೆ ಮುಗಿದ ಮೇಲೆ ಬಿಚ್ಚಿ ನೋಡಿದ್ದು ಹೀಗೆ:

ಡಬ್ಲ್ಯುಪಿಸಿ ಪಟ್ಟಿ ಬಿಗಿಯಾಗಿ ಕೂಡಿಸಿದ್ದಲ್ಲಿ ಬಿಸಿಲಿಗೆ ಹಿಗ್ಗಿ ಬಿಲ್ಲಿನ ಹಾಗೆ ಬಾಗಿತ್ತು. ಗಾಢ ಕಂದು ಬಣ್ಣದ್ದು ಮೇಲ್ಭಾಗದಲ್ಲಿ ಬೂದಿಗೆ ತಿರುಗಿತ್ತು.

ಫೈಬರ್ ಸಿಮೆಂಟ್ ಒಂದು ತುಂಡಿಗೆ ಕತ್ತರಿಸಿದ ಅಂಚಿಗೆ ಪ್ರೈಮರ್ ಹಚ್ಚಿರಲಿಲ್ಲ, ಇನ್ನೊಂದಕ್ಕೆ ಹಚ್ಚಿತ್ತು. ಹಚ್ಚದ್ದರಲ್ಲಿ ಕೆಳ ಅಂಚಿನಿಂದ ಎರಡು ಬೆರಳು ಮೇಲಿನವರೆಗೆ ಬಣ್ಣ ಗುಳ್ಳೆ ಎದ್ದಿತ್ತು. ಇನ್ನೊಂದು ಹೊಸದರ ಹಾಗೇ ಇತ್ತು.

ಜಿಪ್ಸಂ ಕೆಲಸದ ಕಪ್ಪು ಸ್ಕ್ರೂ ಒಂದೇ ಮಳೆಗಾಲದಲ್ಲಿ ತಲೆ ಕೊಳೆತು ಕೆಂಪು ನೀರು ಸುರಿಸಿತ್ತು. ಜಿಂಕ್ ಲೇಪದ ಸ್ಕ್ರೂಗಳಿಗೆ ಬಿಟ್‌ನಿಂದ ಲೇಪ ಕಿತ್ತ ಕಡೆಯೆಲ್ಲ ತುಕ್ಕು. 304 ಸ್ಟೇನ್‌ಲೆಸ್ ತಲೆಯ ಮೇಲೆ ಸಣ್ಣ ಕಂದು ಚುಕ್ಕೆ. ಸಮುದ್ರಕ್ಕೆ ಇಷ್ಟು ಹತ್ತಿರವಿದ್ದರೆ 316 ಗ್ರೇಡ್‌ಗೆ ಹೋಗುವುದು ವಾಸಿ. ಇಡೀ ಗೋಡೆಗೆ ವ್ಯತ್ಯಾಸ ಒಂದೂವರೆ ಸಾವಿರ ರೂಪಾಯಿಯ ಒಳಗೆ, ಅದರಲ್ಲಿ ಉಳಿಸಲು ಹೋಗುವುದು ದಡ್ಡತನ.

ಹಂತ 4: ಗೋಡೆ ರಿಪೇರಿ, ಡಿಸೆಂಬರ್

ಹಲಗೆ ಮುಚ್ಚುತ್ತದಲ್ಲ ಎಂದು ಬಿರುಕು ಬಿಡುವ ಹಾಗಿಲ್ಲ. ಬಿರುಕನ್ನು 10 ಮಿಮೀ ಆಳಕ್ಕೆ ಇಂಗ್ಲಿಷ್ ವಿ ಆಕಾರದಲ್ಲಿ ಕೆತ್ತಿ, ತೊಳೆದು, ಪಾಲಿಮರ್ ಮಾರ್ಟರ್ ತುಂಬಿದೆವು. ಲಿಂಟೆಲ್ ಗೆರೆಯ ಮೇಲೆ 150 ಮಿಮೀ ಅಗಲದ ಫೈಬರ್ ಜಾಳಿಗೆ. ಟೊಳ್ಳು ಸದ್ದು ಬರುವ ಗಿಲಾವನ್ನು ಕಿತ್ತು ಸಿಮೆಂಟ್-ಮರಳು 1:4ರಲ್ಲಿ ಹೊಸದು ಮಾಡಿ ಏಳು ದಿನ ನೀರು ಹೊಡೆಯಲಾಯಿತು. ಉಪ್ಪನ್ನು ಒಣ ಬ್ರಷ್‌ನಿಂದ ಉಜ್ಜಿ ತೆಗೆಯಬೇಕು, ನೀರು ಹಾಕಿದರೆ ಕರಗಿ ಮತ್ತೆ ಒಳಗೇ ಹೋಗುತ್ತದೆ.

ಹಂತ 5: ಲೆಕ್ಕ ಕೂಡಿಸುವುದು

ಹಣ ಉಳಿಯುವುದೂ ಪೋಲಾಗುವುದೂ ಇಲ್ಲೇ.

ಅಲ್ಯೂಮಿನಿಯಂ ಕೆಲಸದವರು ರೂಢಿಯ ಮೇಲೆ ವರ್ಟಿಕಲ್ ಸೆಕ್ಷನ್‌ಗಳನ್ನು 450 ಮಿಮೀಗೆ ಒಂದರಂತೆ ಗುರುತು ಹಾಕಿದ್ದರು. ಹಲಗೆಯ ತುದಿ ಸೆಕ್ಷನ್ ಮೇಲೆಯೇ ಬರಬೇಕು. ಮೂರು ಮೀಟರ್ ಹಲಗೆಗೆ 450ರ ಗುಣಕ ಹೊಂದುವುದಿಲ್ಲ, ಪ್ರತಿ ಹಲಗೆಯನ್ನೂ 2,700ಕ್ಕೆ ಕತ್ತರಿಸಬೇಕಾಗುತ್ತದೆ. ಹತ್ತರಲ್ಲಿ ಒಂದು ಭಾಗ ನೇರ ಕಸದ ಬುಟ್ಟಿಗೆ. 500 ಮಿಮೀ ಇಟ್ಟರೆ ಆರು ಅಂತರಕ್ಕೆ ಸರಿಯಾಗಿ 3,000. ಗುರುತೆಲ್ಲ ಅಳಿಸಿ ಹೊಸದಾಗಿ ಹಾಕಿಸಲಾಯಿತು. 7,925 ಮಿಮೀ ಅಗಲದ ಗೋಡೆಗೆ ಹದಿನೇಳು ಗೆರೆ.

ಸಾಲುಗಳ ಜೋಡಣೆ: ಒಂದು ಸಾಲು 3,000 + 3,000 + 1,925, ಅದರ ಮೇಲಿನದು 2,000 + 3,000 + 2,925. ಹೀಗೆ ಇಟ್ಟರೆ ಸಂದುಗಳು ಒಂದರ ಮೇಲೊಂದು ಬರುವುದಿಲ್ಲ, ಎರಡೇ ಸೆಕ್ಷನ್ ಮೇಲೆ ಕೂರುವ ಪುಟ್ಟ ತುಂಡೂ ತುದಿಗೆ ಬೀಳುವುದಿಲ್ಲ. ಮೊದಲು ಅರ್ಧ ಹಲಗೆಯಿಂದ, ಅಂದರೆ 1,500ರಿಂದ ಶುರುಮಾಡುವ ಯೋಚನೆ ಇತ್ತು. ಕಾಗದದ ಮೇಲೆ ಬರೆದಾಗ ಕೊನೆಗೆ 425 ಮಿಮೀ ತುಂಡು ಉಳಿಯಿತು, ಬಿಟ್ಟೆವು.

ಎತ್ತರ: ಹಲಗೆಯ ಮೇಲೆ ಹಲಗೆಯ ಹೊದಿಕೆ 30 ಮಿಮೀ, ಹಾಗಾಗಿ ಒಂದು ಸಾಲು ಮುಚ್ಚುವುದು 170. ಕೆಂಪು ಮಣ್ಣಿನ ನೆಲ, ಮಳೆಹನಿ ಚಿಮ್ಮಿದ ಕಲೆ ಒಂದೂಕಾಲು ಅಡಿಯವರೆಗೆ ಇತ್ತು. ಅದಕ್ಕಿಂತ ಮೇಲೆ, ನೆಲದಿಂದ 465 ಮಿಮೀಗೆ ಮೊದಲ ಹಲಗೆಯ ಕೆಳ ಅಂಚು. ಮೇಲೆ ಮಾಡಿನ ಕೆಳಗೆ 25 ಮಿಮೀ ಗಾಳಿ ಸಂದು. ನಡುವಿನ 5,300 ಮಿಮೀಗೆ 31 ಸಾಲು ಚೊಕ್ಕವಾಗಿ ಕೂಡುತ್ತದೆ, ಮೇಲಿನ ಸಾಲನ್ನು ಸೀಳುವ ಕೆಲಸವಿಲ್ಲ. ಕಿಟಕಿ ಕಳೆದು ಹೊದಿಸುವ ಜಾಗ 404 ಚದರಡಿ. ಹಲಗೆ 79 ಬೇಕು, 82 ತರಿಸಿದೆವು.

ಸಾಮಾನು ಬೆಳಗಾವಿಯಿಂದ ಚೋರ್ಲಾ ಘಾಟ್ ಮೇಲೆ ಟೆಂಪೊದಲ್ಲಿ ಬಂತು. ಅಡಿಗೆ ಮರದ ತುಂಡು ಕೊಡದೆ ಹೇರಿದ್ದರಿಂದ ಕೆಲವು ಹಲಗೆಯ ಮೂಲೆ ಮುರಿದಿತ್ತು. ಕಿಟಕಿಯ ಪಕ್ಕದ ತುಂಡುಗಳಿಗೆ ಅವನ್ನೇ ಬಳಸಿದೆವು. ರಾಶಿ ಹಾಕುವಾಗ ಹಲಗೆಯನ್ನು ಮಲಗಿಸಿ ಅರ್ಧ ಮೀಟರಿಗೊಂದು ಆಸರೆ ಕೊಡಿ, ಹೊರುವಾಗ ಅಂಚಿನ ಮೇಲೆ ನಿಲ್ಲಿಸಿ ಹೊರಿ. ಅಡ್ಡ ಹಿಡಿದು ಹೊತ್ತರೆ ನಡುವೆ ಪಟ್ಟೆಂದು ಮುರಿಯುತ್ತದೆ.

ಹಂತ 6: ಮೆಂಬ್ರೇನ್, ಬ್ರಾಕೆಟ್, ಆ್ಯಂಕರ್

ಮೊದಲು ಗೋಡೆಗೆ ಉಸಿರಾಡುವ ಮೆಂಬ್ರೇನ್ (ನೀರು ತಡೆದು ಆವಿ ಬಿಡುವ ಹಾಳೆ), ಕೆಳಗಿನಿಂದ ಮೇಲಕ್ಕೆ. ಮೇಲಿನದು ಕೆಳಗಿನದರ ಮೇಲೆ 150 ಮಿಮೀ ಹೊದೆಯಬೇಕು. ದುಡ್ಡು ಉಳಿಸಲು ದಪ್ಪ ಪಾಲಿಥಿನ್ ಹಾಕಿದರೆ ಗೋಡೆಯ ತೇವ ಹೊರಗೆ ಹೋಗದೆ ಒಳಕೋಣೆಗೆ ಬರುತ್ತದೆ, ಆಮೇಲೆ ಇಡೀ ಕೆಲಸ ದಂಡ. ಮೆಂಬ್ರೇನ್ ಹೊದ್ದ ಮೇಲೆ ಹಳೆಯ ಗುರುತು ಕಾಣುವುದಿಲ್ಲವಾದ್ದರಿಂದ ಹದಿನೇಳೂ ಗೆರೆಯ ಗುರುತನ್ನು ಪ್ಲಿಂತ್ ಮೇಲೂ ಮಾಡಿನ ಅಡ್ಡಪಟ್ಟಿಯ ಮೇಲೂ ಮೊದಲೇ ಬರೆದಿಟ್ಟು, ನಂತರ ನೀಲಿ ದಾರ ಹೊಡೆಯಬೇಕು.

ಬ್ರಾಕೆಟ್ ಅಲ್ಯೂಮಿನಿಯಂ ಎಲ್ ಆಕಾರದ್ದು, ಉದ್ದನೆಯ ತೂತಿನದು, ಗೆರೆಯಲ್ಲಿ 750 ಮಿಮೀಗೆ ಒಂದು. ಗೋಡೆಗೂ ಬ್ರಾಕೆಟ್‌ಗೂ ನಡುವೆ ಇಪಿಡಿಎಂ ರಬ್ಬರ್ ಪ್ಯಾಡ್, ಏಕೆಂದರೆ ಒದ್ದೆ ಸಿಮೆಂಟ್ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ಕಿಟಕಿಯ ಬದಿಯವೂ ಸೇರಿ 150 ಬ್ರಾಕೆಟ್.

ಬ್ರಾಕೆಟನ್ನು ಗೋಡೆಗೆ ಹಿಡಿಸುವ ಆ್ಯಂಕರ್ 10×100 ಮಿಮೀ ನೈಲಾನ್ ಪ್ಲಗ್, ಸ್ಟೇನ್‌ಲೆಸ್ ಸ್ಕ್ರೂ. ಮೊದಲ ಗೆರೆ ಇಲ್ಲೇ ಕೆಟ್ಟಿತು. ಡ್ರಿಲ್ ಹ್ಯಾಮರ್ ಮೋಡಿನಲ್ಲಿತ್ತು. ಚಿರೆಕಲ್ಲು ಹ್ಯಾಮರಿಗೆ ಒಳಗೇ ಪುಡಿಯಾಗಿ ತೂತು ಸಡಿಲವಾಯಿತು, ಪ್ಲಗ್ ಕೈಯಿಂದ ಎಳೆದರೆ ಬಂತು. ಹ್ಯಾಮರ್ ಆಫ್ ಮಾಡಿ, ಚೂಪು ಬಿಟ್‌ನಿಂದ 110 ಮಿಮೀ ಆಳ ಕೊರೆದು, ಪಂಪಿನಿಂದ ಪುಡಿ ಊದಿ ತೆಗೆದ ಮೇಲೆ ಬಿಗಿಯಾಗಿ ಕೂತಿತು. ಹಾಳಾದ ತೂತುಗಳನ್ನು ತುಂಬಿ 100 ಮಿಮೀ ಮೇಲೆ ಹೊಸದಾಗಿ ಕೊರೆಯಲಾಯಿತು.

ಗಿಲಾವಿನ ಹಿಂದೆ ಕಲ್ಲಿದೆಯೋ ಸಂದಿದೆಯೋ ಹೊರಗಿನಿಂದ ಕಾಣದು, ಡ್ರಿಲ್ಲಿನ ಪುಡಿ ಹೇಳುತ್ತದೆ. ಮೊದಲ 20 ಮಿಮೀ ಬೂದು, ಆಮೇಲೆ ಕೆಂಪು ಬಂದರೆ ಕಲ್ಲು, ಅದೇ ಬೇಕು. ಬೂದು ಪುಡಿಯೇ ಬರುತ್ತ ಬಿಟ್ ಸುಲಭವಾಗಿ ಇಳಿದರೆ ಕಲ್ಲಿನ ಸಂದಿ, ಆ ತೂತು ಬಿಟ್ಟು 60–70 ಮಿಮೀ ಸರಿಯಿರಿ. ಬೂದು ಬಂದು ಬಿಟ್ ಇಳಿಯದೆ ಹಟ ಮಾಡಿದರೆ ಕಾಂಕ್ರೀಟ್ ಲಿಂಟೆಲ್, ಅಲ್ಲಿ ಮಾತ್ರ ಹ್ಯಾಮರ್ ಹಾಕಬಹುದು.

ಎಳೆತದ ಪರೀಕ್ಷೆ: ಆ್ಯಂಕರ್‌ನಿಂದ 150 ಮಿಮೀ ದೂರದಲ್ಲಿ ಗೋಡೆಗೆ ಆಸರೆ ಕೊಟ್ಟು, ಅದರ ಮೇಲೆ ಕಬ್ಬಿಣದ ಪೈಪನ್ನು ಸನ್ನೆಯಾಗಿ ಇಟ್ಟು, ಆಸರೆಯ ಆಚೆ 600 ಮಿಮೀಯಲ್ಲಿ ರಾಟೆಯ ಹಗ್ಗ ಹಾಯಿಸಿ 50 ಕೆಜಿಯ ಸಿಮೆಂಟ್ ಚೀಲ ತೂಗಿಬಿಟ್ಟೆವು. ಒಂದಕ್ಕೆ ನಾಲ್ಕು, ಅಂದರೆ 200 ಕೆಜಿ ಎಳೆತ. ಐಎಸ್ 875ರಲ್ಲಿ ಪಣಜಿಗೆ ಮೂಲ ಗಾಳಿವೇಗ ಸೆಕೆಂಡಿಗೆ 39 ಮೀಟರ್, ಮುಂಬೈಗೆ 44. 39ರ ಲೆಕ್ಕದಲ್ಲಿ ಚದರ ಮೀಟರಿಗೆ ಸುಮಾರು 93 ಕೆಜಿ ಒತ್ತಡ. ಮೂಲೆಯ ಸೆಳೆತಕ್ಕೆ ಅದರ ಒಂದೂವರೆ ಪಟ್ಟು ಹಿಡಿದರೂ ಒಂದು ಬ್ರಾಕೆಟ್ ಪಾಲಿಗೆ 50–55 ಕೆಜಿ. ನಾಲ್ಕು ಪಟ್ಟು ತಡೆದರೆ ನೆಮ್ಮದಿ. ಗೋಡೆಯ ಎರಡೂ ತುದಿಯ ಒಂದು ಮೀಟರ್ ಪಟ್ಟಿಯಲ್ಲಿ ಗಾಳಿ ಹೆಚ್ಚು ಸೆಳೆಯುವುದರಿಂದ ಅಲ್ಲಿ ಪ್ರತಿ ಆ್ಯಂಕರನ್ನೂ ಕೈಯಿಂದ ಜಗ್ಗಿ ನೋಡಿದೆವು.

ವರ್ಟಿಕಲ್‌ಗೆ 50×25×2 ಮಿಮೀ ಅಲ್ಯೂಮಿನಿಯಂ ಟ್ಯೂಬ್, 50ರ ಮುಖ ಹೊರಗೆ. ಹಲಗೆಯ ಸಂದಿಯಲ್ಲಿ ಎರಡು ತುದಿಗೂ ಸ್ಕ್ರೂ ಹಿಡಿಯಲು ಅಷ್ಟು ಅಗಲ ಬೇಕು. ಬಿಸಿಲಿಗೆ 12 ಅಡಿ ಟ್ಯೂಬ್ 3 ಮಿಮೀಗಿಂತ ಹೆಚ್ಚೇ ಬೆಳೆಯುತ್ತದೆ. ಹಾಗಾಗಿ ಮೇಲಿನ ಬ್ರಾಕೆಟ್‌ನಲ್ಲಿ ಗಟ್ಟಿ, ಉಳಿದವುಗಳಲ್ಲಿ ಉದ್ದ ತೂತಿನ ನಡುವೆ ಸ್ಕ್ರೂ, ಟ್ಯೂಬ್‌ಗಳ ತುದಿಗಳ ನಡುವೆ 8 ಮಿಮೀ ಬಿಡುವು. ಎಲ್ಲ ಬ್ರಾಕೆಟ್‌ನಲ್ಲೂ ಗಟ್ಟಿ ಮಾಡಿದರೆ ಮಧ್ಯಾಹ್ನ ಟಕ್ ಟಕ್ ಸದ್ದು ಕೇಳುತ್ತದೆ, ಕೆಲಕಾಲಕ್ಕೆ ಸ್ಕ್ರೂ ಸಡಿಲುತ್ತದೆ. 22 ಮಿಮೀ ಉಬ್ಬನ್ನು ಬ್ರಾಕೆಟ್ ಒಳಗೇ ತಿಂದುಹಾಕಿದ್ದರಿಂದ ಹಲಗೆಯ ಹಿಂದೆ 45ರಿಂದ 67 ಮಿಮೀ ಗಾಳಿ ಜಾಗ ಸಿಕ್ಕಿತು. ಆ ಜಾಗಕ್ಕೆ ಥರ್ಮೊಕೋಲ್ ತುಂಬಿಸಲು ಯಾರಾದರೂ ಸಲಹೆ ಕೊಟ್ಟರೆ ಕೇಳಬೇಡಿ. ನೀರಿಗೆ ದಾರಿ ಮುಚ್ಚುತ್ತದೆ, ಬೆಂಕಿಗೆ ದಾರಿ ತೆರೆಯುತ್ತದೆ.

ಕೆಳಗೆ ಬಾಯಿ ತೆರೆದಿರುವುದರಿಂದ ತೂತಿನ ಅಲ್ಯೂಮಿನಿಯಂ ಪಟ್ಟಿ, ತೂತು 3 ಮಿಮೀ. ಮೇಲಿನ ಸಂದಿಗೂ ಅದೇ. ದೊಡ್ಡ ತೂತಿನದು ಹಾಕಿದರೆ ಕಡಜ ಗೂಡು ಕಟ್ಟುತ್ತದೆ, ಹಲ್ಲಿಯ ಸಂಸಾರವೂ ಒಳಗೆ.

ಎಸಿಯ ಹೊರ ಯೂನಿಟ್, ಡಿಶ್ ಆ್ಯಂಟೆನಾ ಎಲ್ಲಿ ಬರುತ್ತವೆ ಎಂದು ಈ ಹಂತದಲ್ಲೇ ಕೇಳಿ ಅವುಗಳ ಸ್ಟ್ಯಾಂಡನ್ನು ಗೋಡೆಗೇ ಕೂಡಿಸಬೇಕು. 8 ಮಿಮೀ ಹಲಗೆಗೆ 40 ಕೆಜಿ ಎಸಿ ತೂಗುಹಾಕಿದರೆ ಎರಡೂ ಕೆಳಗೆ ಬರುತ್ತವೆ.

ಹಂತ 7: ಕಿಟಕಿ, ಜನವರಿ

ಗೋಡೆಯ ಬಯಲಲ್ಲಿ ಸೋರುವುದು ಅಪರೂಪ, ಸೋರುವುದೆಲ್ಲ ಕಿಟಕಿಯಲ್ಲೇ. ಹಲಗೆಯ ಮುಖ ಹಳೆಯ ಗಿಲಾವಿಗಿಂತ 65ರಿಂದ 90 ಮಿಮೀ ಮುಂದೆ ಬಂದಿರುತ್ತದೆ. ಕಿಟಕಿಯ ಹಳೆಯ ಕಲ್ಲಿನ ಸಿಲ್ (ಕೆಳಹಾಸು) ಗೋಡೆಯಿಂದ 50 ಮಿಮೀ ಚಾಚಿತ್ತು, ಈಗ ಅದು ಹಲಗೆಯ ಹಿಂದೆ ಹೋಯಿತು. ಹಾಗೇ ಬಿಟ್ಟಿದ್ದರೆ ಸಿಲ್‌ನ ಅಷ್ಟೂ ನೀರು ಗಾಳಿ ಜಾಗಕ್ಕೆ. ಹೀಗಾಗಿ ಸಿಲ್ ಮೇಲೆ 0.9 ಮಿಮೀ ಅಲ್ಯೂಮಿನಿಯಂ ತಗಡು, ಹೊರಗೆ 8 ಡಿಗ್ರಿ ಇಳಿಜಾರು, ಹಲಗೆಯ ಮುಖದಿಂದ 30 ಮಿಮೀ ಚಾಚು, ತುದಿ ಕೆಳಗೆ ಮಡಚಿದ್ದು. ತಗಡಿನ ಎರಡು ಕೊನೆಯನ್ನೂ 20 ಮಿಮೀ ಮೇಲಕ್ಕೆ ಮಡಚಬೇಕು. ಬಹಳ ಜನ ಮಡಚುವುದಿಲ್ಲ, ನೀರು ಪಕ್ಕದಿಂದ ಜಾರಿ ಒಳಗೆ ಇಳಿಯುತ್ತದೆ.

ಕಿಟಕಿಯ ನೆತ್ತಿಯ ತಗಡು ಝಡ್ ಆಕಾರದ್ದು. ಅದರ ನಿಂತ ಭಾಗ ಮೆಂಬ್ರೇನ್‌ನ ಹಿಂದೆ ಹೋಗಬೇಕು, ಮೆಂಬ್ರೇನ್ ಅದರ ಮೇಲೆ ಬೀಳಬೇಕು. ಬದಿಗಳಿಗೆ 10 ಮಿಮೀ ಸಂದು, ಒಳಗೆ ಫೋಮ್ ಹಗ್ಗ, ಹೊರಗೆ 5 ಮಿಮೀ ಆಳ ಪಿಯು (ಪಾಲಿಯುರೆಥೇನ್) ಸೀಲಂಟ್. ಹುಳಿ ವಾಸನೆಯ ಅಗ್ಗದ ಸಿಲಿಕೋನ್ ಸಿಮೆಂಟಿಗೆ ಅಂಟುವುದಿಲ್ಲ, ಮೇಲೆ ಬಣ್ಣವೂ ಹಿಡಿಯುವುದಿಲ್ಲ. ನೆತ್ತಿಯ ತಗಡಿನ ಮುಂಭಾಗಕ್ಕೂ ಮೇಲಿನ ಹಲಗೆಗೂ ನಡುವಿನ 8 ಮಿಮೀ ಸಂದಿಗೆ ಸೀಲಂಟ್ ತುಂಬಬೇಡಿ. ನೀರು ಹೊರಬೀಳುವ ಬಾಗಿಲು ಅದೇ. ಬಣ್ಣದವರು ಚೆಂದ ಕಾಣಲೆಂದು ತುಂಬಿಬಿಡುತ್ತಾರೆ, ಮೊದಲೇ ಹೇಳಿಡಿ.

ಹಂತ 8: ಹಲಗೆ, ಫೆಬ್ರವರಿ

ಹಚ್ಚುವ ಮೊದಲು ನೆಲದ ಮೇಲೆಯೇ ಆರೂ ಮುಖಕ್ಕೆ ಕ್ಷಾರ ತಡೆಯುವ ಪ್ರೈಮರ್, ಹೊರಮುಖಕ್ಕೆ ಅಕ್ರಿಲಿಕ್ ಬಣ್ಣದ ಒಂದು ಕೈ. ಹಿಂಮುಖ ಯಾರಿಗೂ ಕಾಣದು ಎಂದು ಬಿಟ್ಟರೆ ಹಲಗೆ ಒಂದು ಬದಿಯಿಂದ ಮಾತ್ರ ತೇವ ಕುಡಿದು ಡೊಂಕಾಗುತ್ತದೆ. ಪ್ರೈಮರ್ 10 ಲೀಟರ್, ಬಣ್ಣ 10 ಲೀಟರ್ ಹಿಡಿಯಿತು. ತಿಳಿ ಬಣ್ಣವೇ ಇರಲಿ, ಪಡುಬಿಸಿಲಿಗೆ ಗಾಢ ಬಣ್ಣ ಹಲಗೆಯನ್ನು ಕಾಯಿಸುತ್ತದೆ.

ಕತ್ತರಿಸುವ ಧೂಳು ಸಣ್ಣ ವಿಷಯವಲ್ಲ. ಅದರಲ್ಲಿ ಸಿಲಿಕಾ ಇದೆ, ಶ್ವಾಸಕೋಶಕ್ಕೆ ಹೋದರೆ ಮರಳಿ ಬರುವುದಿಲ್ಲ. ಗ್ರೈಂಡರಿಗೆ ಕಲ್ಲಿನ ಬ್ಲೇಡ್ ಹಾಕಿ ಒಣ ಕತ್ತರಿಸುವುದು ಸೈಟಿನ ರೂಢಿ. ಅದನ್ನು ಮೊದಲ ದಿನವೇ ನಿಲ್ಲಿಸಿದೆವು. ಕಡಿಮೆ ಹಲ್ಲಿನ ಕಾರ್ಬೈಡ್ ಬ್ಲೇಡಿನ ಸರ್ಕ್ಯುಲರ್ ಗರಗಸ, ಅದಕ್ಕೆ ವ್ಯಾಕ್ಯೂಮ್, ಕತ್ತರಿಸುವವನಿಗೂ ಹಿಡಿಯುವವನಿಗೂ ಎನ್95 ಮಾಸ್ಕ್. ಬಾಯಿಗೆ ಕಟ್ಟಿದ ಟವೆಲ್ ಲೆಕ್ಕಕ್ಕಿಲ್ಲ. ಕತ್ತರಿಸಿದ ಅಂಚಿಗೆ ಅಂದೇ ಪ್ರೈಮರ್. ಗರಗಸದ ಪಕ್ಕದಲ್ಲೇ ಡಬ್ಬಿ-ಬ್ರಷ್ ಇಟ್ಟರೆ ಮಾತ್ರ ಇದು ನಡೆಯುತ್ತದೆ.

ಮೊದಲ ಹಲಗೆಯ ಕೆಳಗೆ, ಹಿಂದಿನಿಂದ, ಹಲಗೆಯನ್ನೇ ಸೀಳಿದ 40 ಮಿಮೀ ಪಟ್ಟಿ ಕೊಡಬೇಕು. ಇಲ್ಲದಿದ್ದರೆ ಮೊದಲ ಸಾಲು ನೆಟ್ಟಗೆ, ಮೇಲಿನವೆಲ್ಲ ಓರೆ. ಮೊದಲ ಸಾಲನ್ನು ಟ್ಯೂಬ್ ಲೆವೆಲ್ (ಮಟ್ಟ ನೋಡುವ ನೀರಿನ ಕೊಳವೆ) ಹಿಡಿದು ಕೂಡಿಸಿ, ಆಮೇಲೆ ಐದು ಸಾಲಿಗೊಮ್ಮೆ ಎರಡೂ ತುದಿ ಅಳೆಯಿರಿ. ಸಾಲಿಗೆ 1 ಮಿಮೀ ತಪ್ಪಿದರೂ ಮಾಡಿನ ಹತ್ತಿರ ಮೂರು ಸೆಂಟಿಮೀಟರ್ ಓರೆ.

ಸ್ಕ್ರೂ 35 ಮಿಮೀ, 316 ಗ್ರೇಡ್. ಹಲಗೆಯ ಮೇಲಂಚಿನಿಂದ 20 ಮಿಮೀ ಕೆಳಗೆ, ಮೇಲಿನ ಹಲಗೆ ಅದನ್ನು ಮುಚ್ಚುತ್ತದೆ. ಹಲಗೆಗೆ 5 ಮಿಮೀ, ಅಲ್ಯೂಮಿನಿಯಂಗೆ 3.5 ಮಿಮೀ ತೂತು ಮೊದಲೇ ಕೊರೆಯಬೇಕು. ತುದಿಯಿಂದ 15 ಮಿಮೀ ಒಳಗೆ. ಸ್ಕ್ರೂ ತಲೆ ಹಲಗೆಯ ಮಟ್ಟಕ್ಕೆ ಬಂದ ಕೂಡಲೇ ನಿಲ್ಲಿಸಬೇಕು. ಡ್ರೈವರಿನ ಕ್ಲಚ್ ಸಡಿಲ ಇಡದೆ ಹೊಡೆದ ಕಡೆ ತಲೆ ಒಳಹೊಕ್ಕು ಹಲಗೆ ನಕ್ಷತ್ರದಂತೆ ಬಿರಿಯಿತು, ಅವನ್ನು ತೆಗೆದು ಬದಲಿಸಿದೆವು. ಗೋಡೆಯ ತುದಿಗಳಲ್ಲಿ ಮುಖದಿಂದಲೂ ಒಂದೊಂದು ಸ್ಕ್ರೂ. ಪ್ರತಿ ಲಂಬ ಸಂದಿಗೆ 3 ಮಿಮೀ ಬಿಡುವು, ಅದರ ಹಿಂದೆ 100 ಮಿಮೀ ಅಗಲದ ತಗಡಿನ ಪಟ್ಟಿ. ಆ ಪಟ್ಟಿಯ ಕೆಳತುದಿ ಕೆಳಗಿನ ಹಲಗೆಯ ಮುಖದ ಮೇಲೆ ಬರಬೇಕು, ಹಿಂದೆ ಅಲ್ಲ.

ಹಂತ 9: ನೀರು ಹೊಡೆದು ನೋಡುವುದು

ಪರಾಂಚಿ (ನಿಂತು ಕೆಲಸ ಮಾಡುವ ಅಟ್ಟಣೆ) ಬಿಚ್ಚುವ ಮೊದಲೇ ಇದನ್ನು ಮಾಡಬೇಕು, ಬಿಚ್ಚಿದ ಮೇಲೆ ಯಾರೂ ಮತ್ತೆ ಕಟ್ಟುವುದಿಲ್ಲ. ಕೆಳಗಿನಿಂದ ಶುರುಮಾಡಿ ಐದೈದು ಅಡಿ ಜಾಗಕ್ಕೆ ಐದು ನಿಮಿಷ ಪೈಪಿನ ನೀರು, ಒಳಗೆ ಒಬ್ಬರು ಟಾರ್ಚ್ ಹಿಡಿದು. ಮೇಲಿನಿಂದ ಶುರುಮಾಡಿದರೆ ಎಲ್ಲಿಂದ ಸೋರಿತೆಂದು ಗೊತ್ತಾಗುವುದಿಲ್ಲ.

ಮೇಲಿನ ಬಲಗಡೆ ಕಿಟಕಿಯ ನೆತ್ತಿಯಲ್ಲಿ ಹನಿ ಬಂತು. ಎರಡು ಸಾಲು ಹಲಗೆ ಬಿಚ್ಚಿದಾಗ ಕಾರಣ ಸಿಕ್ಕಿತು: ಅದೊಂದು ಕಿಟಕಿಯಲ್ಲಿ ತಗಡನ್ನು ಮೆಂಬ್ರೇನ್ ಮೇಲೆ ಇಟ್ಟು ಟೇಪ್ ಅಂಟಿಸಿದ್ದರು. ಮೆಂಬ್ರೇನ್ ಮೇಲಿಂದ ಜಾರಿದ ನೀರು ತಗಡಿನ ಹಿಂದೆ ಇಳಿದಿತ್ತು. ಮೆಂಬ್ರೇನನ್ನು ಅಡ್ಡ ಸೀಳಿ, ತಗಡಿನ ನಿಂತ ಭಾಗವನ್ನು ಒಳಗೆ ತೂರಿಸಿ, ಸೀಳಿದ ಅಂಚನ್ನು ಅದರ ಮೇಲೆ ಬಿಟ್ಟು ಟೇಪ್ ಹಚ್ಚಿದೆವು. ಮತ್ತೆ ನೀರು ಹೊಡೆದಾಗ ಒಣ. ಕೊನೆಯ ಕೈ ಬಣ್ಣ ಇದಾದ ಮೇಲೆ.

ಖರ್ಚು, ರೂಪಾಯಿಗಳಲ್ಲಿ

ಗೋಡೆ ರಿಪೇರಿ 7,500
ಹಲಗೆ 82, ಒಂದಕ್ಕೆ 480ರಂತೆ 39,360
ಅಲ್ಯೂಮಿನಿಯಂ ಟ್ಯೂಬ್ 80 ಕೆಜಿ 26,400
ಬ್ರಾಕೆಟ್ 150, ಪ್ಯಾಡ್ ಸಹಿತ 6,750
ಆ್ಯಂಕರ್ 150 5,700
316 ಸ್ಕ್ರೂ 700 4,900
ಮೆಂಬ್ರೇನ್, ಟೇಪ್ 9,000
ತಗಡಿನ ಫ್ಲ್ಯಾಶಿಂಗ್ (ಕಿಟಕಿ, ಸಂದಿಗಳ ನೀರುತಡೆ), ಮೂಲೆ ಪಟ್ಟಿ, ತೂತಿನ ಪಟ್ಟಿ 8,500
ಪ್ರೈಮರ್, ಬಣ್ಣ, ಬಣ್ಣದವರ ಕೂಲಿ 11,500
ಸೀಲಂಟ್, ಫೋಮ್ ಹಗ್ಗ 4,500
ಪರಾಂಚಿ ಬಾಡಿಗೆ 9,000
ಹಚ್ಚುವ ಕೂಲಿ, ಚದರಡಿಗೆ 70ರಂತೆ 28,280

ಒಟ್ಟು 1,61,390, ಚದರಡಿಗೆ ಸರಿಸುಮಾರು 400. ಹಲಗೆಯ ಪಾಲು ಇದರಲ್ಲಿ ಕಾಲುಭಾಗ ಮಾತ್ರ. ಅಂಗಡಿಯವರು ಚದರಡಿಗೆ ನೂರರ ಒಳಗೆ ಎಂದು ಹೇಳುವುದು ಆ ಕಾಲುಭಾಗದ ಲೆಕ್ಕ. ಇಲ್ಲಿ ಕಡಿಮೆ ಮಾಡಬಹುದಾದದ್ದು ಮೆಂಬ್ರೇನ್: ಗಿಲಾವು ಗಟ್ಟಿಯಿದ್ದು, ಒಳಗೆ ಹಿಂದೆಂದೂ ತೇವ ಕಾಣದ ಗೋಡೆಯಾದರೆ ಬಿಡಬಹುದು. ಕಡಿಮೆ ಮಾಡಬಾರದ್ದು ಸ್ಕ್ರೂ ಮತ್ತು ಫ್ಲ್ಯಾಶಿಂಗ್.

ಮಳೆ ಬಂದ ಮೇಲೆ, ಜುಲೈ

ಒಳಗೋಡೆ ಒಣಗಿದೆ. ಹಳೆಯ ಉಪ್ಪಿನ ಪುಡಿ ಇನ್ನೂ ಸ್ವಲ್ಪ ಉದುರುತ್ತಿದೆ, ಗೋಡೆಯೊಳಗಿದ್ದದ್ದು ಹೊರಬರಲು ಸಮಯ ಬೇಕು; ಒಳಗಡೆ ಹೊಸ ಬಣ್ಣವನ್ನು ಮುಂದಿನ ಬೇಸಿಗೆಗೆ ಇಟ್ಟಿದ್ದೇವೆ. ಜೋರು ಗಾಳಿಯಲ್ಲಿ ಕೆಳಗಿನ ತೂತಿನ ಪಟ್ಟಿಯಿಂದ ನೀರು ತೊಟ್ಟಿಕ್ಕುತ್ತದೆ, ಅಂದರೆ ಹಲಗೆ ದಾಟಿ ಬಂದ ನೀರು ಬರಬೇಕಾದ ಕಡೆಯೇ ಬರುತ್ತಿದೆ. ಎಡ ಮೂಲೆಯಲ್ಲಿ, ಮಾಡಿನ ದೋಣಿ ತುಂಬಿ ಹೊರಚೆಲ್ಲುವ ಜಾಗದ ಕೆಳಗೆ, ಹಲಗೆಯ ಮೇಲೆ ಪಾಚಿಯ ಹಸಿರು ಬಂದಿದೆ. ಅದು ಕ್ಲ್ಯಾಡಿಂಗ್ ದೋಷವಲ್ಲ, ದೋಣಿಯ ಇಳಿಜಾರು ತಪ್ಪಿದೆ. ಅಕ್ಟೋಬರ್‌ನಲ್ಲಿ ದೋಣಿಯ ಕ್ಲಾಂಪ್ ಬಿಚ್ಚಿ ಹತ್ತು ಅಡಿಗೆ ಅರ್ಧ ಇಂಚು ಇಳಿಜಾರು ಕೊಡಬೇಕು, ಮೆತ್ತನೆ ಬ್ರಷ್ ಮತ್ತು ಸೋಪಿನ ನೀರಿನಲ್ಲಿ ಹಲಗೆ ತೊಳೆಯಬೇಕು. ಪ್ರೆಷರ್ ವಾಷರ್ ಹಿಡಿದು ಕೆಳಗಿನಿಂದ ಮೇಲಕ್ಕೆ ಹೊಡೆದರೆ ನೀರು ಹಲಗೆಯ ಹೊದಿಕೆಯೊಳಗೆ ನುಗ್ಗುತ್ತದೆ. ಉಳಿದ ಹಲಗೆ, ಬಣ್ಣದ ಅರ್ಧ ಡಬ್ಬಿ ಮತ್ತು ಬಣ್ಣದ ಕೋಡ್ ಬರೆದ ಚೀಟಿ ಮೆಟ್ಟಿಲ ಕೆಳಗಿನ ಕೋಣೆಯಲ್ಲಿವೆ.